ಹಿಂದಿನಿಂದ ಕರೆಯಬಾರದ ಇಳಿಜಾರು

ಹೊರಟವರನ್ನು ಹಿಂದಿನಿಂದ ಕರೆಯಬಾರದು. ಕರೆದರೆ ಹೋದ ಕೆಲಸ ಆಗುವುದಿಲ್ಲ. ಮರೆತು ಕರೆದೇಬಿಟ್ಟರೆ, ಹೊರಟವರು ನಿಂತು, ಒಂದು ಗಳಿಗೆ ಕೂತು, ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ಕೊಣ್ಣೂರಿನ ನಮ್ಮ ಮನೆಯಲ್ಲಿ ಇದು ದಾದಿಯ ಕಾನೂನು. ದಾದಿ ಅಂದರೆ ನನ್ನ ಅಪ್ಪನ ತಾಯಿ, ಗುಡುಬಿ.

ಅವಳ ಕತೆಗಳಲ್ಲೂ ಇದೇ ಕಾನೂನು ನಡೆಯುತ್ತಿತ್ತು. ಕುರಿ ಕಾಯುವ ಹುಡುಗಿಯೊಬ್ಬಳು ಗುಡ್ಡದ ತುದಿಯ ಝರಿಯ ನೀರನ್ನು ಸೆರಗಿನಲ್ಲಿ ಕಟ್ಟಿಕೊಂಡು ಇಳಿದು ಬರುತ್ತಾಳೆ. ಹಿಂದಿನಿಂದ ತಾಯಿಯ ದನಿಯಲ್ಲಿ, ತಮ್ಮನ ದನಿಯಲ್ಲಿ ಯಾರೋ ಕರೆಯುತ್ತಾರೆ. ತಿರುಗಿದರೆ ನೀರು ಸೋರಿಹೋಗುತ್ತದೆ. ಹುಡುಗಿ ತಿರುಗುವುದಿಲ್ಲ. ಆಮೇಲೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಪ್ರತಿ ಸಲವೂ ಅಷ್ಟರಲ್ಲಿ ನನಗೆ ನಿದ್ದೆ ಹತ್ತಿರುತ್ತಿತ್ತು.

ಹೀಗೆ ಬೆಳೆದ ನಾನು, ಫರೀನ, ಜನರನ್ನು ಹಿಂದಿನಿಂದ ಕರೆಯುವುದನ್ನೇ ಕೆಲಸ ಮಾಡಿಕೊಳ್ಳಲು ಹೊರಟಿದ್ದೆ.

ಗೋಕಾಕದಲ್ಲಿ ನಡೆದಾಡಲಾಗದವರಿಗೆ ಆಟ, ಕಸರತ್ತು ಕಲಿಸುವ ಸಂಸ್ಥೆಯೊಂದರಲ್ಲಿ ನಾನಿದ್ದೇನೆ. ಕಳೆದ ಚಳಿಗಾಲದಲ್ಲಿ ಅವರು ನನ್ನನ್ನು ಹಿಮಾಚಲಕ್ಕೆ ಕಳಿಸಿದರು. ಕಾಲಿಲ್ಲದವರು, ಕಾಲಿದ್ದೂ ನಡೆಯಲು ಬಾರದವರು ಹಿಮದ ಮೇಲೆ ಕೂತು ಜಾರುತ್ತಾರೆ. ಬಕೆಟಿನಂಥ ಕುರ್ಚಿ, ಅದರ ಕೆಳಗೆ ಸ್ಕೀ ಪಟ್ಟಿ. ಸೊಂಟಕ್ಕೆ ಬೆಲ್ಟು, ಎರಡೂ ಕೈಯಲ್ಲಿ ಮೋಟು ಕೋಲು. ತಲೆ, ಹೆಗಲು ಯಾವ ಕಡೆ ವಾಲುತ್ತವೋ ಕುರ್ಚಿಯೂ ಆ ಕಡೆಗೇ. ಕಲಿಸುವವರು ಎರಡು ಹಗ್ಗ ಹಿಡಿದು ಹಿಂದೆ ಹಿಂದೆ ಜಾರುತ್ತ, ಎಡ ಬಲ ಕೂಗಿ ಹೇಳುತ್ತಿರಬೇಕು. ಹಗ್ಗವೇನಿದ್ದರೂ ಅಪಾಯ ಬಂದಾಗ, ಉಳಿದದ್ದೆಲ್ಲ ಬಾಯಿಂದಲೇ. ಇದನ್ನು ಕೇಳಿದ ದಾದಿ, "ಐಸಿನ ಮ್ಯಾಲ ಕುರ್ಚಿ ಹಾಕ್ಕೊಂಡ ಕುಂದ್ರತಾರ? ಥಂಡಿ ಹತ್ತೂದಿಲ್ಲೇನ ಪಾಪ ಅವರಿಗೆ?" ಎಂದಿದ್ದಳು.

ಕಲಿಸುವವರ ಸರ್ಟಿಫಿಕೇಟಿಗೆ ಎರಡು ಪರೀಕ್ಷೆ. ಹಿಮದ ಮೇಲಿನದು ಅಲ್ಲಿಯೇ ಮುಗಿದಿತ್ತು. ಎರಡನೆಯದು ನಮ್ಮ ಊರ ಕಡೆ, ನಮ್ಮದೇ ಶಿಷ್ಯನೊಂದಿಗೆ, ಸ್ಕೀ ಪಟ್ಟಿಯ ಬದಲು ಗಾಲಿ ಹಾಕಿಕೊಂಡು ಹುಲ್ಲಿನ ಇಳಿಜಾರಿನಲ್ಲಿ. ಪಾಸಾದರೆ ಜನವರಿಯಲ್ಲಿ ಶಿಷ್ಯನನ್ನು ಹಿಮಕ್ಕೆ ಕರೆದೊಯ್ಯಬಹುದು. ನಪಾಸಾದರೆ ನನ್ನ ಜೊತೆ ಅವನ ಹಿಮವೂ ಹೋಯಿತು.

ನನ್ನ ಶಿಷ್ಯ ಮೂಡಲಗಿಯ ಶ್ರೀಪಾಲ ಕಾಕಾ. ಬೀಜ, ಗೊಬ್ಬರದ ಅಂಗಡಿ. ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ, ಉಳ್ಳಾಗಡ್ಡಿ ಮುಟ್ಟುವವರಲ್ಲ. ಹಲವು ವರ್ಷಗಳ ಹಿಂದೆ ಗೋದಾಮಿನ ಚೀಲದ ರಾಶಿಯ ಮೇಲಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನವೆಲ್ಲ ಹೋಗಿತ್ತು. ಅಲ್ಲಿಯತನಕದ ಅಭ್ಯಾಸವೆಲ್ಲ ಸಮ ನೆಲದಲ್ಲಿ, ನಾನು ಎದುರಿಗೆ ನಿಂತು ಮಾಡಿಸಿದ್ದು. ಪರೀಕ್ಷೆಯ ದಿನ ನನ್ನ ಅಣ್ಣ ಆಸೀಫನ ಟೆಂಪೊದಲ್ಲಿ ಬರುವಾಗ, ಅಕ್ಟೋಬರಿನ ಬಿಸಿಲಲ್ಲೂ ಅವರು ಉಣ್ಣೆಯ ಟೋಪಿ ಹಾಕಿಕೊಂಡಿದ್ದರು.

"ರೂಢಿ ಮಾಡ್ಕೊಳಾಕತ್ತೇನಿ," ಅಂದರು. "ಅಲ್ಲೆ ಹೊತ್ತ ಜಲ್ದಿ ಮುಣಗತೈತೇನ ತಂಗಿ? ನಂದು ಊಟ ಹೊತ್ತಿರತನs ಆಗಬೇಕು."

"ಎಲ್ಲಾ ಹೇಳಿ ಇಟ್ಟೇನ್ರಿ ಕಾಕಾ."

"ಉಳ್ಳಾಗಡ್ಡಿ?"

"ಅದೂ ಹೇಳೇನ್ರಿ."

"ಮದಲ ಪಾಸ್ ಆಗ್ರಿ ಇಬ್ಬರೂ," ಎಂದ ಆಸೀಫ.

ಹುಕ್ಕೇರಿ ದಾಟಿ ದಡ್ಡಿಯ ಹತ್ತಿರದ ಹುಲ್ಲಿನ ದಿಬ್ಬಕ್ಕೆ ನಾವು ಮುಟ್ಟಿದಾಗ ಪರೀಕ್ಷಕಿ ನೇಗಿ ಮೇಡಂ ಆಗಲೇ ಬಂದಿದ್ದರು. ಹಿಮಾಚಲದ ಕಿನ್ನೌರ ಕಡೆಯವರು, ಮಾತೆಲ್ಲ ಹಿಂದಿಯಲ್ಲಿ, ಕನ್ನಡ ಒಂದೂ ತಿಳಿಯದು. ನಾನು ಕಾಕಾನನ್ನು ಕುರ್ಚಿಯಲ್ಲಿ ಕೂರಿಸಿ, ಬೆಲ್ಟು ಬಿಗಿದು, ನನ್ನ ಕಾಲಿಗೂ ಗಾಲಿ ಸ್ಕೀ ಕಟ್ಟಿಕೊಂಡು ಹಗ್ಗ ಹಿಡಿದೆ. ಕುರ್ಚಿ ಹೊರಟಿತು. ಮೊದಲ ತಿರುವು ಬಂತು.

"ಕಾಕಾ, ಎಡಕ್ಕ ಬಾಗ್ರಿ."

ಕಾಕಾ ಕೋಲು ಊರಿ ನಿಲ್ಲಿಸಲು ನೋಡುತ್ತ, ಇಡೀ ಮೈ ತಿರುಗಿಸಿ ನನ್ನನ್ನು ನೋಡಿದರು. "ಏನಂದಿ ತಂಗಿ?"

ಹೆಗಲು ತಿರುಗಿದ ಕಡೆ ಕುರ್ಚಿಯೂ ತಿರುಗಿ ಹುಲ್ಲಿನ ಮೇಲೆ ಮಗುಚಿತು. ಪೆಟ್ಟೇನೂ ಆಗಲಿಲ್ಲ. ಎತ್ತಿ ಕೂರಿಸಿದೆವು. ಹೊರಡುವ ಮುಂಚೆ ಅವರು ಕೈ ಚಾಚಿದರು. "ಆಸೀಫ, ಒಂದ ಗುಟಕ ನೀರ ಕೊಡಪಾ."

ಎರಡನೇ ಸಲವೂ ಹಾಗೆಯೇ. ಕರೆದೆ, ತಿರುಗಿದರು, ಬಿದ್ದರು, ನೀರು ಕುಡಿದರು. ತಲೆ ಸುತ್ತುತ್ತಿದೆಯೇ ಎಂದು ಮೇಡಂ ಕೇಳಿದರು. ಇಲ್ಲ, ಹಿಂದಿನಿಂದ ಕರೆದದ್ದಕ್ಕೆ ನೀರು ಎಂದೆ. ಹಿಂದಿನಿಂದ ಕರೆಯದೆ ಇನ್ನೆಲ್ಲಿಂದ ಕರೆಯುತ್ತೀ ಎಂದರು ಅವರು. ಹೌದಲ್ಲ ಅನಿಸಿತು. ಆದರೆ ಕಾಕಾ ಮಾಡುತ್ತಿದ್ದುದೂ ಸರಿಯೇ ಅಲ್ಲವೇ? ನಾನಾಗಿದ್ದರೂ ನೀರು ಕುಡಿಯದೆ ಹೊರಡುತ್ತಿರಲಿಲ್ಲ.

ಮೇಡಂ ಕಟುವಾಗಿಯೇನೂ ಮಾತಾಡಲಿಲ್ಲ. ಹಿಮದಲ್ಲಿ ಇವರು ಹೀಗೆ ತಿರುಗಿದರೆ ದಾರಿ ಬಿಟ್ಟು ಕಂದರಕ್ಕೆ ಹೋಗುತ್ತಾರೆ, ನಾನು ಬಿಡಲಾರೆ ಎಂದರು. ಊಟದ ಮೇಲೆ ಒಂದೇ ಒಂದು ಅವಕಾಶ. ಕುರ್ಚಿ ಒಮ್ಮೆಯೂ ಬೀಳದೆ ಕೆಳಗೆ ಮುಟ್ಟಬೇಕು, ನಿನ್ನ ದನಿ ನನಗೆ ಕೇಳುತ್ತಿರಬೇಕು.

ಬೇವಿನ ನೆರಳಲ್ಲಿ ಕಾಕಾ ಕಡಕ್ ರೊಟ್ಟಿ ಮುರಿಯುತ್ತ ಕೂತಿದ್ದರು.

"ಹೊಳ್ಳಿ ನೋಡಬ್ಯಾಡ್ರಿ ಕಾಕಾ."

"ನೋಡಬಾರದಂತs ಮಾಡತೇನಿ. ಕುತ್ತಿಗಿ ತಾನs ಹೊಳ್ಳತೈತಿ."

"ಕಾಕಾ ಅನ್ನೂದs ಬಿಡತೇನಿ. ಬರೇ ಎಡಕ್ಕ, ಬಲಕ್ಕ ಅಂತೇನಿ."

"ಹಂಗಂದ್ರ ಯಾರಿಗಂದಿ ಅಂತ ಹೊಳ್ಳಿ ನೋಡಬೇಕಾಗತೈತಿ."

"ಲಾರಿ ಹಿಂದ ಬರದಂಗ ಕಾಕಾನ ಬೆನ್ನಿಗೂ 'ಹಾರ್ನ್ ಹೊಡೀರಿ' ಅಂತ ಬರಸಬೇಕು," ಎಂದ ಆಸೀಫ.

ಕಾಕಾ ನಕ್ಕರು. ಆಮೇಲೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಅದರ ಉಣ್ಣೆಯ ಗೊಂಡೆಯನ್ನು ಸವರತೊಡಗಿದರು. "ಆಗಲಿಲ್ಲಂದ್ರೂ ನಡೀತೈತಿ ತಂಗಿ. ಟೋಪಿ ಏನ್, ಮೂಡಲಗ್ಯಾಗೂ ಹಾಕ್ಕೋಬಹುದು."

ನಾನು ಮುರಿದ ರೊಟ್ಟಿಯನ್ನು ಡಬ್ಬಿಗೆ ಹಾಕಿ, ಹಗ್ಗದ ಗಂಟು ನೋಡಲು ಎದ್ದೆ.

ಮಧ್ಯಾಹ್ನ ಮತ್ತೆ ದಿಬ್ಬದ ತುದಿಗೆ ಬಂದು ನಿಂತೆವು. ಕರೆದರೆ ಬೀಳುತ್ತಾರೆ. ಕರೆಯದಿದ್ದರೆ ನಪಾಸು. "ಹೊಂಟೇನಿ ತಂಗಿ," ಅಂದರು ಕಾಕಾ, ಮುಂದೆ ನೋಡುತ್ತಲೇ. ಕುರ್ಚಿ ಹೊರಟಿತು. ಗಾಲಿಗಳು ಹುಲ್ಲು ತುಳಿದು ಸರಸರ ಅಂದವು. ಮೊದಲ ತಿರುವು ಹತ್ತಿರ ಬರುತ್ತಿತ್ತು, ನನ್ನ ಬಾಯಿ ಮಾತ್ರ ಬೀಗ ಹಾಕಿದಂತೆ. ಏನು ಹೇಳಲಿ, ಯಾರಿಗೆ ಹೇಳಲಿ, ಒಂದೂ ಹೊಳೆಯದೆ, ದಾದಿಯ ಮಗ್ಗುಲಲ್ಲಿ ಮಲಗಿದಾಗ ಕೇಳುತ್ತಿದ್ದ ಮಾತೇ ಹೊರಬಿತ್ತು.

"ಒಂದ ಊರಾಗ ಒಬ್ಬಾಕಿ ಕುರಿ ಕಾಯೂ ಹುಡುಗಿ ಇದ್ಲು."

"ಹ್ಞೂಂ," ಅಂದರು ಕಾಕಾ.

ತಿರುಗಲಿಲ್ಲ. ಕತೆ ಹೇಳುವವರ ಮುಖವನ್ನು ಯಾರೂ ನೋಡುವುದಿಲ್ಲವಲ್ಲ. ಮಾಳಿಗೆಯ ಜಂತಿ ನೋಡುತ್ತ ಹ್ಞೂಂ ಅನ್ನುತ್ತಿದ್ದರೆ ಸಾಕು.

"ಸೆರಗಿನ್ಯಾಗ ನೀರ ಕಟ್ಟಿಕೊಂಡು ಗುಡ್ಡಾ ಇಳಿಯಾಕ ಹತ್ತಿದ್ಲು."

"ಹ್ಞೂಂ."

"ಇಳಕೋತ ಇಳಕೋತ ಎಡಕ್ಕ ವಾಲಿದ್ಲು."

"ಹ್ಞೂಂ." ಕಾಕಾನ ಎಡ ಹೆಗಲು ಇಳಿಯಿತು. ಕುರ್ಚಿ ಹೊಳೆಯ ನೀರಿನಂತೆ ಬಳುಕಿ ಎಡಕ್ಕೆ ಹೋಯಿತು.

"ಅಲ್ಲೊಂದು ಕಲ್ಲ ಅಡ್ಡ ಬಂತು. ಬಲಕ್ಕ ವಾಲಿದ್ಲು."

"ಹ್ಞೂಂ."

ಹುಡುಗಿ ಎಡಕ್ಕೆ ಹೋದಳು, ಬಲಕ್ಕೆ ಹೋದಳು, ಹುಷಾರಾಗಿ ಕೋಲು ಊರಿದಳು. ಹಿಂದಿನಿಂದ ತಾಯಿ ಕರೆದಳು, ತಮ್ಮ ಕರೆದ, ಅವಳು ತಿರುಗಲಿಲ್ಲ. ಕಾಕಾನೂ ತಿರುಗಲಿಲ್ಲ. ಹಗ್ಗ ನನ್ನ ಕೈಯಲ್ಲಿ ಸಡಿಲವಾಗಿಯೇ ಇತ್ತು. ದಿಬ್ಬದ ಬುಡ ಬಂತು. ಇನ್ನು ನಿಲ್ಲಿಸಬೇಕು. ಅಷ್ಟರಲ್ಲಿ ಕತೆಯೂ ನನಗೆ ನಿದ್ದೆ ಹತ್ತುತ್ತಿದ್ದ ಜಾಗಕ್ಕೆ ಬಂದಿತ್ತು. ಮುಂದಿನದು ಗೊತ್ತಿಲ್ಲದೆ ಸುಮ್ಮನಾದೆ.

"ಹ್ಞೂಂ?" ಅಂದರು ಕಾಕಾ. ಅವರು ಕುರ್ಚಿಯನ್ನು ಅಡ್ಡಕ್ಕೆ ತಿರುಗಿಸಿ, ಕೋಲು ಊರಿ ನಿಂತರು. "ಯಾಕ, ಮುಂದ?"

ನೇಗಿ ಮೇಡಂ ಓಡುತ್ತ ಬಂದರು. ಬೀಳದೆ ಬಂದದ್ದು ಅವರಿಗೂ ಕಂಡಿತ್ತು. ಆದರೆ ನಾನು ಏನು ಹೇಳುತ್ತಿದ್ದೆ, ಇವರು ಮತ್ತೆ ಮತ್ತೆ ಏನೋ ಅನ್ನುತ್ತಿದ್ದರಲ್ಲ, ಅದೇನು ಎಂದು ಕೇಳಿದರು. ಕತೆ ಎಂದೆ. ಅವರ ಹುಬ್ಬು ಮೇಲೆ ಹೋಯಿತು. ನಿನ್ನ ಕಾಕಾನಿಗೆ ಇದು ಸರಿ, ನಾಳೆ ಬೇರೆ ಯಾರೋ ಬಂದರೆ ಎಂದರು. ಆಮೇಲೆ ಕಾಕಾನನ್ನು ಅಲ್ಲೇ ಹುಲ್ಲಿನ ಮೇಲೆ ಇಳಿಸಲು ಹೇಳಿ, ಕುರ್ಚಿಯನ್ನು ತುದಿಗೆ ಒಯ್ಯಿಸಿ, ತಾವೇ ಅದರಲ್ಲಿ ಕೂತು ಬೆಲ್ಟು ಬಿಗಿದುಕೊಂಡು, ಕಣ್ಣಿಗೆ ಸ್ಕಾರ್ಫ್ ಕಟ್ಟಿಕೊಂಡರು. ನಡೆ, ನನ್ನನ್ನು ಇಳಿಸು.

ಮತ್ತೆ ಹೊರಟೆವು. ಕುರಿ ಕಾಯುವ ಹುಡುಗಿ ಈ ಸಲ ಹಿಂದಿಯಲ್ಲಿ ಇಳಿಯತೊಡಗಿದಳು. ಮೇಡಂ ಸುಮ್ಮನಿದ್ದರು. ಕೇಳಿಸುತ್ತಿದೆಯೋ ಇಲ್ಲವೋ ತಿಳಿಯದೆ ನನ್ನ ಕತೆ ತೊದಲಿತು, ಕುರ್ಚಿ ಅಲುಗಿತು.

ಕೆಳಗಿನಿಂದ ಕಾಕಾ ಕೂಗಿದರು. "ಮೇಡಂ, ಹ್ಞೂಂ ಅನ್ರಿ. ಹ್ಞೂಂ ಅನ್ನಲಿಲ್ಲಂದ್ರ ಕತಿ ನಿಂದರತೈತಿ."

ಆ ಮಾತು ಅವರಿಗೆ ಎಷ್ಟು ತಿಳಿಯಿತೋ, "ಹ್ಞೂಂ" ಎಂದರು. ಹುಡುಗಿ ಎಡಕ್ಕೆ ವಾಲಿದಳು. "ಹ್ಞೂಂ." ಬಲಕ್ಕೆ ವಾಲಿದಳು. "ಹ್ಞೂಂ." ಪ್ರತಿ ಹ್ಞೂಂಕಾರದಲ್ಲೂ ಅವರು ಎಲ್ಲಿದ್ದಾರೆ, ಹೆದರಿದ್ದಾರೋ ಇಲ್ಲವೋ ನನಗೆ ತಿಳಿಯುತ್ತಿತ್ತು. ಬುಡ ಮುಟ್ಟಿ ಮಾತು ನಿಲ್ಲಿಸಿದೆ. ಕುರ್ಚಿಯೂ ನಿಂತಿತು. ಸ್ಕಾರ್ಫ್ ಬಿಚ್ಚಿ ಅವರು ನನ್ನನ್ನು ನೋಡಿದರು.

"ಪಾಸ್," ಎಂದರು. ಆಮೇಲೆ, "ಫಿರ್? ಲಡ್ಕೀ ಕಾ ಕ್ಯಾ ಹುವಾ?"

ಹುಡುಗಿಗೆ ಏನಾಯಿತೆಂದು ನನಗೇ ಗೊತ್ತಿಲ್ಲದೆ ದಾದಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದೆ. ಪಾಸಾದ ಸುದ್ದಿ ಕೇಳಿ ದುವಾ ಮಾಡಿದಳು. ಹೇಗೆ ಪಾಸಾದೆ ಎಂಬುದನ್ನೂ ಹೇಳಿದೆ.

"ಹಗಲಾಗ ಕತಿ ಹೇಳಿದಿ?"

"ಹ್ಞೂಂ."

"ಹಗಲಾಗ ಕತಿ ಹೇಳಿದ್ರ ಹಾದ್ಯಾಗ ಇದ್ದವರು ಹಾದಿ ತಪ್ಪತಾರ. ನಾ ಎಂದರ ಹೇಳೇನೇನ?"

ಒಂದು ಕಾನೂನು ಉಳಿಸಲು ಹೋಗಿ ಇನ್ನೊಂದನ್ನು ಮುರಿದಿದ್ದೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ತಿಳಿಯದೆ ಫೋನು ಹಿಡಿದು ನಿಂತಿದ್ದೆ. ಕಾಕಾ ಟೋಪಿಯನ್ನು ಮತ್ತೆ ಕಿವಿಯ ತನಕ ಎಳೆದುಕೊಳ್ಳುತ್ತಿದ್ದರು.

"ತಪ್ಪಲಿ ಬಿಡು ಅಂತ ಹೇಳು ಅವರಿಗೆ," ಅಂದರು. "ಮನಿಯಿಂದ ಅಂಗಡಿ, ಅಂಗಡಿಯಿಂದ ಮನಿ. ಎಷ್ಟ ವರ್ಷಾತು ನಾ ಹಾದಿ ತಪ್ಪಿ."

ದಾದಿಗೆ ಅದು ಕೇಳಿಸಿರಬೇಕು. ಮುಂದಿನ ಕತೆ ಹೊತ್ತು ಮುಳುಗಿದ ಮೇಲೆ ಹೇಳುತ್ತೇನೆ, ಆ ಟೋಪಿಯವರನ್ನೂ ಮನೆಗೆ ಕರೆದುಕೊಂಡು ಬಾ ಎಂದಳು. ಊಟ ಮಾತ್ರ ಹೊತ್ತಿರತನs ಆಗಬೇಕು ಎಂದು ಕಾಕಾ ಹೇಳಿ ಕಳಿಸಿದರು.