ರುಚಿ ನೋಡಿದ ನುಡಿನಮನ

ನಮ್ಮ ಪುಣೆಯ ಕನ್ನಡ ಸಂಘದಲ್ಲಿ ಯಾರು ಸತ್ತರೂ ನುಡಿನಮನಕ್ಕೆ ನಾನೇ ಬೇಕು. ಈ ಹೊಳಬಸಪ್ಪ ಮೈಕ್ ಹಿಡಿದನೆಂದರೆ ಎಂಥ ಜಗಳಗಂಟನೂ ಅಜಾತಶತ್ರು, ಎಂಥ ಜುಗ್ಗನೂ ಕೊಡುಗೈ ದಾನಿ. ಇಷ್ಟು ವರ್ಷ ಯಾವ ಹೆಣವೂ ತಕರಾರು ಮಾಡಿರಲಿಲ್ಲ. ಮಾಡಿದ್ದು ಬದುಕಿದ್ದ ಮೋಹನದಾಸ್.

ಊರು ಉಡುಪಿಯ ಕಡೆ, ಹೋಟೆಲು ಇಲ್ಲೇ ಪುಣೆಯ ಕಾತ್ರಜದಲ್ಲಿ. ನಾಳೆ ಹೃದಯದ ಆಪರೇಷನ್ ಎನ್ನುವಾಗ ನನ್ನನ್ನು ಕರೆದು ಗಲ್ಲಾದ ಪಕ್ಕ ಕೂರಿಸಿಕೊಂಡರು.

"ಹೊಳಬಸಪ್ಪನವರೇ, ಈ ನುಡಿನಮನ ಅಂದ್ರೆ ಎಂತದು?"

ಯಾರಾದರೂ ಇಂಥದನ್ನು ಕೇಳಿದರೆ ನನಗೆ ಎಲ್ಲಿಲ್ಲದ ಹುರುಪು. "ನುಡಿ ಅಂದ್ರ ಮಾತು, ನಮನ ಅಂದ್ರ ನಮಸ್ಕಾರ. ಮೊದಲ ಶ್ರದ್ಧಾಂಜಲಿ ಅಂತಿದ್ವಿ. ಅಂಜಲಿ ಅಂದ್ರ ಬೊಗಸಿ. ಬೊಗಸಿ ತುಂಬ ಶ್ರದ್ಧಾ ಹಿಡದು ಕೊಡೂದು ನೋಡ್ರಿ."

"ನಮಸ್ಕಾರ ಅಂದ್ಮೇಲೆ ಆ ಮನುಷ್ಯ ಎದುರಿಗೆ ಇರ್ಬೇಕಲ್ಲ ಮಾರಾಯ್ರೆ? ನನ್ನದು ಈಗಲೇ ಹೇಳಿ. ನಾನು ರುಚಿ ನೋಡದೆ ಇಲ್ಲಿಂದ ಒಂದು ಚಟ್ನಿಯೂ ಹೊರಗೆ ಹೋಗುದಿಲ್ಲ."

"ಬಿಡ್ತು ಅನ್ರಿ!" ಎಂದು ಗದರಿದೆ. ಆಸಾಮಿ ಕೇಳಬೇಕಲ್ಲ! ಕೊನೆಗೆ ಗಂಟಲು ಸರಿಮಾಡಿಕೊಂಡೆ. "ಅಜಾತಶತ್ರುಗಳಾದ..."

"ನನ್ನ ಸ್ವಂತ ತಮ್ಮನೇ ನನ್ನ ಮೇಲೆ ಕೋರ್ಟಿಗೆ ಹೋಗಿದ್ದಾನೆ. ಮುಂದೆ?"

"ಮೃದುಭಾಷಿಗಳಾದ..."

ಒಳಗಿದ್ದ ಅವರ ಹೆಂಡತಿ ವಸಂತಿ ಕಿಸಕ್ಕನೆ ನಕ್ಕರು.

"ತುಂಬಲಾರದ ನಷ್ಟ..."

"ಹೋದ ತಿಂಗಳು ತೀರಿಕೊಂಡ ರಾಧಾಬಾಯಿಗೂ ಇದನ್ನೇ ಬಡಿಸಿದ್ರಿ. ಹಳಸಿದೆ." ಆಮೇಲೆ ಮೋಹನದಾಸರ ದನಿ ಸಣ್ಣದಾಯಿತು. "ನನ್ನ ಬಗ್ಗೆ ಹೇಳ್ಲಿಕ್ಕೆ ನಿಜವಾದ್ದು ಒಂದೂ ಇಲ್ವಾ?"

ಮನುಷ್ಯ ಹೆದರಿದ್ದರು. ನನಗೆ ಸಂಕಟವಾಯಿತು, ಸಂಕಟವಾದರೆ ನನಗೆ ಸಿಟ್ಟು ಬರುತ್ತದೆ.

"ಯಾಕಿಲ್ರಿ! ನಿಮ್ಮಂಥ ಬಾಯಿಬಡಕ ಇಡೀ ಪುಣೇದಾಗ ಇಲ್ಲ. ಆದ್ರ ನಮ್ಮ ಮನಿಯಾಕಿ ದವಾಖಾನ್ಯಾಗ ಬಿದ್ದಾಗ ದಿನಾ ಗಂಜಿ ತಂದು ಕೊಟ್ಟವ್ರು ಯಾರು? ಉಪಕಾರ ಆತು ಅಂದ್ರ, 'ಸುಮ್ನೆ ಡಬ್ಬಿ ತೊಳೆದು ಕೊಡಿ' ಅಂತ ಬೈದವ್ರು ಯಾರು? ನೀವು ಹೋದ್ರ ನಾ ಯಾರ ಕೂಡ ಜಗಳಾ ಆಡ್ಲಿ?"

ಮೋಹನದಾಸ್ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

"ಉಪ್ಪು ಸರಿ ಉಂಟು," ಎಂದರು.

ದೇವರ ದಯೆ, ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಡಾಕ್ಟರು ಊಟ ಕೊಡಬಹುದು ಎಂದ ದಿನ ನಾನೇ ಗಂಜಿ ಕುದಿಸಿ ಆಸ್ಪತ್ರೆಗೆ ಒಯ್ದೆ. ಮೋಹನದಾಸ್ ಒಂದು ಚಮಚ ಬಾಯಿಗಿಟ್ಟು ಮುಖ ಕಿವುಚಿದರು.

"ಇದನ್ನು ಕುಡಿದ್ರೆ ನಿಮ್ಮ ನುಡಿನಮನ ಬೇಗ ಬೇಕಾಗ್ತದೆ ಮಾರಾಯ್ರೆ!"

ಬೈಯುತ್ತಲೇ ಪೂರ್ತಿ ಕುಡಿದರು. ಆಮೇಲೆ ನನ್ನ ಕೈ ಹಿಡಿದುಕೊಂಡು ಏನೋ ಹೇಳಲು ಬಾಯಿ ತೆರೆದರು. ನಾನು ಖಾಲಿ ಡಬ್ಬಿಯನ್ನು ಅವರ ಮುಂದೆ ಸರಿಸಿದೆ.

"ಏನೂ ಹೇಳಬ್ಯಾಡ್ರಿ," ಎಂದೆ. "ಸುಮ್ನ ಡಬ್ಬಿ ತೊಳದು ಕೊಡ್ರಿ."