ಮೆಲ್ಲಗೆ ಮುಟ್ಟುವ ಕೈ

ಅವರು ಬಾಗಿಲು ತಟ್ಟಿದರೆ ಒಳಗಿದ್ದವರಿಗೆ ಕೇಳಿಸುತ್ತಿರಲಿಲ್ಲ. ಬೆರಳ ಗೆಣ್ಣನ್ನು ಹಲಗೆಗೆ ಸೋಕಿಸಿ, ಒಳಗಿನವರ ಕೆಲಸ ಕೆಟ್ಟೀತೆಂದು ಹಿಂದಕ್ಕೆ ಸರಿದು, ಯಾರಾದರೂ ತಾವಾಗಿಯೇ ಹೊರಗೆ ಬರುವವರೆಗೆ ಗೋಡೆ ನೋಡುತ್ತ ನಿಲ್ಲುವುದು ಅವರ ಪದ್ಧತಿ. ನಡೆದದ್ದು ಅವರ ಚಪ್ಪಲಿಗೂ ಗೊತ್ತಾಗುತ್ತಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅವರ ಫೋಟೋ ಸ್ಟುಡಿಯೋ. ಹಳೆಯ ಚಿತ್ರಗಳ ಬಿರುಕು, ಕಲೆಗಳನ್ನು ತಿದ್ದಿಕೊಡುವ ಅವರನ್ನು ಬೀದಿಯವರೆಲ್ಲ ಟಚಿಂಗ್ ಮೇಷ್ಟ್ರು ಎನ್ನುತ್ತಿದ್ದರು. ಆ ಹಗುರ ಕೈಯಿಂದಲೇ ಅವರ ಅನ್ನ. ಕುಂಚದ ಕಾಲ ಹೋಗಿ ಕಂಪ್ಯೂಟರ್ ಬಂದ ಮೇಲೂ ಮೌಸನ್ನು ಮಲಗಿದ ಮಗುವಿನ ತಲೆ ಸವರುವಂತೆ ಹಿಡಿಯುತ್ತಿದ್ದರು. ಬೇಸಿಗೆಯಲ್ಲೂ ಬಿಡದ ಬೂದು ಕೋಟಿನ ಜೇಬಿನಲ್ಲಿ ಸದಾ ಒಂದು ರಬ್ಬರಿನ ತುಂಡು. ಮಾತಿನ ಮೊದಲಿಗೆ "ತೊಂದರೆ ಇಲ್ಲ ಅಂದ್ರೆ", ಕೊನೆಗೆ "ನಿಮ್ಮಿಷ್ಟ"; ನಡುವೆ ಹೇಳಬೇಕಾದದ್ದು ಎಷ್ಟೋ ಸಲ ಹೊರಗೇ ಬರುತ್ತಿರಲಿಲ್ಲ.

ತಾಯಿ ತೀರಿಕೊಂಡ ವರ್ಷ ಅವರ ತಂಗಿಗೆ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. "ಹೋಗ್ಲಾ ಅಣ್ಣಾ?" ಎಂದು ಅವಳು ಹೊಸ್ತಿಲಲ್ಲಿ ನಿಂತು ಕೇಳಿದಳಂತೆ. ಬೇಡ ಎಂಬ ಮಾತು ಇವರ ಗಂಟಲವರೆಗೆ ಬಂದಿತ್ತಂತೆ. ಬಾಯಿಗೆ ಬಂದದ್ದು ಮಾತ್ರ "ನಿನ್ನಿಷ್ಟ". ಅಲ್ಲಿಂದ ಮುಂದೆ ಅವಳು ಯಾವಾಗ ಬಂದರೂ ಸಂಜೆಯ ಬಸ್ಸಿಗೆ ವಾಪಸು. ಅವಳಿಲ್ಲದ ಸಂಜೆಗಳಲ್ಲಿ ಮೇಷ್ಟ್ರು ಅಭ್ಯಾಸಬಲದಿಂದ ಎರಡು ಲೋಟಕ್ಕೆ ಚಹಾ ಸೋಸಿ, ಎರಡನೆಯದನ್ನು ಆರಿದ ಮೇಲೆ ತಾವೇ ಕುಡಿಯುವುದನ್ನು ನಾನು ಕಂಡಿದ್ದೇನೆ.

ಹೋದ ಸಲ ಅವಳೊಂದು ಹರಿದ ಚಿತ್ರ ಕೊಟ್ಟು ಹೋಗಿದ್ದಳು: ನಡುವೆ ತಾಯಿ, ಆಚೀಚೆ ಅಣ್ಣ ತಂಗಿ. ಅದನ್ನು ದೊಡ್ಡದು ಮಾಡಿ ತಿದ್ದಲು ಹೊರಟರೆ ಹಳೆಯ ಕಂಪ್ಯೂಟರ್ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಮೇಷ್ಟ್ರು ಕಂಪ್ಯೂಟರಿನ ನೆನಪಿನ ಶಕ್ತಿ ಹೆಚ್ಚಿಸುವ, ಬಾಚಣಿಗೆಯಂಥ ಹೊಸದೊಂದು ರ‍್ಯಾಮ್ ಪಟ್ಟಿ ತಂದು, ತಂಗಿ ಬರುವ ದಿನ ತಾವೇ ಹಾಕಿದರು. ಗುಂಡಿ ಒತ್ತಿದರೆ ಪರದೆ ಕಪ್ಪು. ಪೆಟ್ಟಿಗೆಯೊಳಗಿಂದ ಕೀಂ, ಕೀಂ ಎಂಬ ಕೂಗು.

ನನ್ನದೊಂದು ಫೋಟೋಗಾಗಿ ಬಂದು ಬೆಂಚಿನ ಮೇಲೆ ಕಾದಿದ್ದೆ. ಮೇಷ್ಟ್ರು ವೈರು ಕಿತ್ತರು, ಪಟ್ಟಿ ತೆಗೆದರು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದರು. ಹಳೆಯ ಪಟ್ಟಿಯೊಂದನ್ನೇ ಇಟ್ಟು ನೋಡಿದರು, ಕಂಪ್ಯೂಟರ್ ಶುರುವಾಯಿತು. ಹೊಸದನ್ನು ಸೇರಿಸಿದರು, ಕೀಂ. ಪಕ್ಕದ ಸಂದಿಗೆ ಬದಲಿಸಿದರು, ಮತ್ತೆ ಕೀಂ. ಅಷ್ಟರಲ್ಲಿ ತಂಗಿ ಬಂದು, ಹೆಗಲ ಚೀಲವನ್ನೂ ಇಳಿಸದೆ ಬಗ್ಗಿ ನೋಡಿದಳು.

"ಏನಣ್ಣಾ, ಅದಕ್ಕೂ 'ತೊಂದರೆ ಇಲ್ಲ ಅಂದ್ರೆ ಕೂತ್ಕೊಳ್ಳಿ' ಅಂತಿದೀಯಾ?"

"ಕೂತಿದೆ ಕಣೇ."

"ಎಲ್ಲಿ ಕೂತಿದೆ? ನೆಂಟರ ಮನೇಲಿ ಕುರ್ಚಿ ಅಂಚಿಗೆ ಕೂತ ಹಾಗಿದೆ! ಈ ಕೊನೆ ಕ್ಲಿಪ್ ನೋಡು, ಬಾಯಿ ಬಿಟ್ಕೊಂಡೇ ಇದೆ. ಒತ್ತು."

"ಮುರಿದ್ರೆ?"

"ನೆಟ್ಟಗೆ ಒತ್ತಿದ್ರೆ ಮುರಿಯಲ್ಲ. ದಿನಾ ಜನಕ್ಕೆ ಸೂಜಿ ಚುಚ್ಚೋಳು ಹೇಳ್ತಿದೀನಿ, ಒತ್ತಣ್ಣಾ!"

ಮೇಷ್ಟ್ರು ಎರಡು ಹೆಬ್ಬೆರಳನ್ನು ಎರಡು ತುದಿಗಿಟ್ಟು, ಕಣ್ಣು ಮುಚ್ಚಿ ಒತ್ತಿದರು. ಟಕ್. ಇನ್ನೊಂದು ಟಕ್. ಕ್ಲಿಪ್ಪುಗಳೆರಡೂ ಪಟ್ಟಿಯನ್ನು ಕಚ್ಚಿ ಹಿಡಿದವು. ಪರದೆ ಬೆಳಗಿತು.

ಮಧ್ಯಾಹ್ನವೆಲ್ಲ ಅವರು ತಿದ್ದುತ್ತಿದ್ದರೆ ಅವಳು ಪಕ್ಕದಲ್ಲಿ ಕುಳಿತು, "ಅಮ್ಮನ ಮೂಗು ಅಷ್ಟೊಂದು ಚೆಂದ ಮಾಡ್ಬೇಡ, ಯಾರೂ ನಂಬಲ್ಲ" ಎಂದು ನಗಿಸುತ್ತಿದ್ದಳು. ನನ್ನ ಸರದಿ ಬರಲೇ ಇಲ್ಲ. ಬರಬೇಕೆಂದು ನನಗೂ ಅನ್ನಿಸಲಿಲ್ಲ. ಚಿತ್ರ ಮುಗಿಯಿತು. ಬಸ್ಸಿನ ಹೊತ್ತಾಯಿತು. ಅವಳು ಚೀಲ ಎತ್ತಿಕೊಂಡು ಅದೇ ಹೊಸ್ತಿಲಲ್ಲಿ ನಿಂತಳು.

"ಬರ್ಲಾ ಅಣ್ಣಾ?"

"ನಿನ್ನ..." ಎಂದರು ಮೇಷ್ಟ್ರು. ನಿಲ್ಲಿಸಿದರು. ಆಮೇಲೆ ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, "ಹೋಗ್ಬೇಡ!" ಎಂದರು.

ಅವಳು ಅಣ್ಣನ ಮುಖವನ್ನೇ ನೋಡಿದಳು. "ಆವತ್ತು ಹೇಳ್ಬಾರ್ದಿತ್ತಾ? ಈ ಮಾತಿಗೇ ಕಾಯ್ತಾ ನಿಂತಿದ್ದೆ. ಈಗ ಅಲ್ಲೂ ಒಂದು ಮನೆ ಆಗ್ಹೋಗಿದೆ ಅಣ್ಣಾ." ಚೀಲ ಕೆಳಗಿಟ್ಟಳು. "ಚಹಾ ಇಡು. ಕೊನೇ ಬಸ್ಸಿಗೆ ಹೋಗ್ತೀನಿ."

ಆ ಸಂಜೆ ಎರಡನೆಯ ಲೋಟ ಆರಲಿಲ್ಲ.

ತಮ್ಮ ಪ್ರೀತಿಯ ಭಾರ ಯಾರ ಮೇಲೂ ಬೀಳಬಾರದೆಂದು ಕೈಯನ್ನು ಹಗುರ ಮಾಡಿಕೊಂಡ ಇಂಥವರು ಎಲ್ಲ ಬೀದಿಗಳಲ್ಲೂ ಇರುತ್ತಾರೆ. ಅವರ ಕೈಯಲ್ಲಿ ಯಾವುದೂ ಒಡೆಯುವುದಿಲ್ಲ, ನಿಜ. ಆದರೆ ಬಾಗಿಲ ಆಚೆ ಕಿವಿಗೊಟ್ಟು ನಿಂತವರು, ಯಾರೂ ತಟ್ಟಲೇ ಇಲ್ಲವೆಂದುಕೊಂಡು, ಅಷ್ಟರಲ್ಲಿ ದೂರ ನಡೆದುಬಿಟ್ಟಿರುತ್ತಾರೆ.