ಅರ್ಧ ಮಾತ್ರೆ

ಆಸ್ಪತ್ರೆಯ ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಮೂಲೆಯಲ್ಲೊಂದು ಸಿಂಕು, ಇಷ್ಟೇ ಇದ್ದವು. ರಕ್ತದ ಕ್ಯಾನ್ಸರಿಗೆ ವಾರ್ಡಿನಲ್ಲಿ ತಿಂಗಳುಗಟ್ಟಲೆ ಔಷಧಿ ಹಾಕಿಸಿಕೊಂಡು ಮನೆಗೆ ಹೊರಟವರನ್ನು ಅಲ್ಲಿ ಕೂರಿಸಿ, ಇನ್ನು ಮುಂದೆ ಮಾತ್ರೆಯನ್ನು ಹೇಗೆ ಮುಟ್ಟಬೇಕು, ಹೇಗೆ ನುಂಗಬೇಕು, ಏನಾದರೆ ಓಡಿ ಬರಬೇಕು ಎಂದು ಹೇಳಿಕೊಡುವುದು ಒಬ್ಬ ನರ್ಸಿನ ಕೆಲಸ. ಹದಿನಾರು ವರ್ಷದಿಂದ ಹೇಳಿ ಹೇಳಿ ಅದು ಅವರಿಗೆ ಬಾಯಿಪಾಠವಾಗಿತ್ತು.

ಅವತ್ತು ಎದುರು ಕೂತವರು ಅಕ್ಕ ತಂಗಿ. ಕಾಯಿಲೆ ಅಕ್ಕನಿಗೆ. ಅವಳಿಗೆ ಐವತ್ತು. ಹೆಂಗಸರ ಬಟ್ಟೆ ಹೊಲಿಯುವ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೊರಳಲ್ಲಿ ಸದಾ ಟೇಪು ನೇತಾಡುತ್ತಿದ್ದುದರಿಂದ ಗಿರಾಕಿಗಳೆಲ್ಲ ಅವಳನ್ನು ಟೇಪಕ್ಕ ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ತಂಗಿಗೆ ಮೂವತ್ತೆಂಟಾಗಿದ್ದರೂ ಅಕ್ಕನ ಬಾಯಲ್ಲಿ ಇನ್ನೂ ಪುಟ್ಟಿಯೇ. ಗ್ರಂಥಾಲಯವೊಂದರ ಕೌಂಟರಿನಲ್ಲಿ ಅವಳ ಕೆಲಸ. ಅವಳ ಗಂಡ ಲಾರಿ ಓಡಿಸುತ್ತಿದ್ದ. ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೇ ಇರುತ್ತಿದ್ದ. ಮೂವರೂ ಒಂದೇ ಮನೆಯಲ್ಲಿದ್ದರು.

ನರ್ಸು ಎರಡು ಡಬ್ಬಿ ಮುಂದಿಟ್ಟರು. "ಈ ಬಿಳಿ ಮಾತ್ರೆ ದಿನಾ ಸಂಜೆ ಏಳಕ್ಕೆ, ಒಂದೂವರೆ. ಬರೀ ನೀರಲ್ಲಿ ನುಂಗಿ, ಹಾಲು ಬೇಡ. ಈ ಹಳದಿದು ವಾರಕ್ಕೆ ಒಂದೇ ದಿನ, ಬುಧವಾರ. ಮರೆತು ದಿನಾ ತಗೊಂಡ್ರೆ ಪ್ರಾಣಕ್ಕೇ ಕುತ್ತು. ಒಂದು ದಿನ ತಪ್ಪಿಹೋಯ್ತು ಅಂತ ಮಾರನೇ ದಿನ ಎರಡು ದಿನದ್ದು ಒಟ್ಟಿಗೆ ನುಂಗಬೇಡಿ. ಮೈ ಬಿಸಿಯಾದ್ರೆ ಜ್ವರದ ಮಾತ್ರೆ ಹಾಕ್ಕೊಂಡು ಮಲಗೋದಲ್ಲ, ಥರ್ಮಾಮೀಟರ್ ನೂರು ದಾಟಿದ್ರೆ ಎಷ್ಟು ಹೊತ್ತಾಗಿರಲಿ ಇಲ್ಲಿಗೆ ಬಂದುಬಿಡಿ."

"ಒಂದೂವರೆ ಅಂದ್ರೆ ಅರ್ಧ ಮಾಡೋದು ಹೇಗೆ?" ಪುಟ್ಟಿ ಕೇಳಿದಳು.

ನರ್ಸು ಮಾತ್ರೆ ಕತ್ತರಿಸುವ ಪುಟ್ಟ ಪೆಟ್ಟಿಗೆಯನ್ನು ತೋರಿಸಿದರು. ಒಳಗೊಂದು ಬ್ಲೇಡು. ಕೈಗೆ ಗ್ಲೌಸ್, ಕೆಳಗೆ ಕಾಗದ, ಆಮೇಲೆ ಒದ್ದೆ ಕಾಗದದಲ್ಲಿ ಮೇಜು ಒರೆಸಿ ಚೀಲದೊಳಗೆ ಕಟ್ಟುವುದು, ಕೈ ತೊಳೆಯುವುದು. "ಇದರ ಪುಡಿ ಒಳ್ಳೇದಲ್ಲ. ಮನೇಲಿ ಬಸುರಿ, ಬಾಣಂತಿ ಯಾರಾದ್ರೂ ಇದ್ದಾರಾ? ಅವರು ಗ್ಲೌಸ್ ಹಾಕ್ಕೊಂಡೂ ಇದನ್ನ ಮುಟ್ಟಬಾರದು. ವಾಂತಿ ಆದ ಬಟ್ಟೆನೂ ಅವರು ಒಗೀಬಾರದು."

ಅಕ್ಕ ತಂಗಿಯ ಮುಖ ನೋಡಲಿಲ್ಲ. ಪುಟ್ಟಿಗೆ ಮದುವೆಯಾಗಿ ಹನ್ನೊಂದು ವರ್ಷ. ಎರಡು ಸಲ ಬಸುರು ನಿಂತು, ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋಗಿತ್ತು.

"ಯಾರೂ ಇಲ್ಲ ಸಿಸ್ಟರ್," ಎಂದಳು ಪುಟ್ಟಿ. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ಅರ್ಧ ಮಾಡುವ ಕೆಲಸ ಪುಟ್ಟಿಯ ಪಾಲಿಗೇ ಬಂತು. ವಾರ್ಡಿನಲ್ಲಿ ಹಾಕಿದ ಔಷಧಿಯಿಂದ ಅಕ್ಕನ ಬೆರಳ ತುದಿಗಳು ಜೋಮು ಹಿಡಿದು ಹಾಗೇ ಉಳಿದುಬಿಟ್ಟಿದ್ದವು. ಸೂಜಿ ಚುಚ್ಚಿದರೂ ರಕ್ತ ಕಂಡ ಮೇಲೆಯೇ ಗೊತ್ತಾಗುತ್ತಿತ್ತು. ಗುಂಡಿ ಹಾಕಿಕೊಳ್ಳಲೂ ಹತ್ತು ನಿಮಿಷ. ಅಂಗಡಿಯಲ್ಲಿ ಕೂತು, ಬಂದವರಿಗೆ ಅಳತೆ ತೆಗೆದು, ಬಟ್ಟೆಯನ್ನು ಬೇರೆ ಟೈಲರಿನ ಬಳಿ ಕಳಿಸುತ್ತಿದ್ದಳು. "ಕೈ ಹೋದ್ರೂ ಕಣ್ಣು ಹೋಗಿಲ್ಲ," ಎನ್ನುತ್ತಿದ್ದಳು. ದಿನವೂ ಸಂಜೆ ಏಳಕ್ಕೆ ಪುಟ್ಟಿ ಗ್ಲೌಸ್ ತೊಟ್ಟು ಅರ್ಧ ಮಾತ್ರೆ ತಟ್ಟೆಗೆ ಹಾಕುತ್ತಿದ್ದಳು. ಅಕ್ಕ ಮುಖ ಸಿಂಡರಿಸಿ ನುಂಗುತ್ತಿದ್ದಳು. ವಾಂತಿಯಾದ ದಿನ ಹಾಸಿಗೆ ಬಟ್ಟೆ ಒಗೆಯುವವಳೂ ಪುಟ್ಟಿಯೇ.

ನಾಲ್ಕು ತಿಂಗಳು ಹೀಗೆ ನಡೆಯಿತು. ಒಂದು ಭಾನುವಾರ ಮಧ್ಯಾಹ್ನ ಪುಟ್ಟಿ ಮೇಲಿನ ಕಪಾಟಿನಿಂದ ಬಟ್ಟೆಯ ಗಂಟು ಇಳಿಸುತ್ತಿದ್ದಳು. ಅಕ್ಕ ಯಂತ್ರದ ಹಿಂದೆ ಕೂತು ಅವಳ ಬೆನ್ನನ್ನೇ ನೋಡುತ್ತಿದ್ದಳು.

"ಇಲ್ಲಿ ಬಾ. ಕೈ ಎತ್ತು."

"ಯಾಕೆ?"

"ನಿನಗೊಂದು ಬಟ್ಟೆ ಹೊಲಿಸಬೇಕು."

ಟೇಪು ಸುತ್ತಿ ನೋಡಿದಳು. ಅಳತೆಯ ಹಳೆಯ ಪುಸ್ತಕ ತೆಗೆದು ನೋಡುವ ಅಗತ್ಯ ಅವಳಿಗೆ ಇರಲಿಲ್ಲ. ತಂಗಿಯ ಸೊಂಟದ ಸುತ್ತಳತೆ ಅವಳಿಗೆ ಬಾಯಲ್ಲೇ ಇತ್ತು.

"ಮೂರು ಇಂಚು ಜಾಸ್ತಿ. ಮುಖ ನೋಡಿದ್ರೆ ಇಳಿದುಹೋಗಿದೆ. ಎಷ್ಟು ತಿಂಗಳು?"

ಪುಟ್ಟಿ ಗಂಟನ್ನು ಎತ್ತಿ ಎದೆಗವಚಿಕೊಂಡಳು. "ನಾಲ್ಕು ತುಂಬ್ತಾ ಇದೆ."

"ಅಂದ್ರೆ ಅಷ್ಟೂ ದಿನ ನನ್ನ ಮಾತ್ರೆ ಮುರೀತಾ ಇದ್ದೆ. ನನ್ನ ಹಾಸಿಗೆ ಒಗೀತಾ ಇದ್ದೆ."

"ಗ್ಲೌಸ್ ಹಾಕ್ಕೊಂಡಿದ್ದೆ ಅಕ್ಕ."

"ಗ್ಲೌಸ್ ಹಾಕ್ಕೊಂಡ್ರೂ ಬೇಡ ಅಂತ ಆ ಸಿಸ್ಟರ್ ಹೇಳಿದ್ದು ನಿನ್ನ ಕಿವಿಗೆ ಬೀಳಲಿಲ್ವಾ? ನಿನ್ನ ಗಂಡನಿಗೆ ಗೊತ್ತಾ?"

"ಹೇಳಿಲ್ಲ. ಎರಡು ಸಲ ಹೇಳಿ, ಎರಡು ಸಲ ಅವನ ಮುಖ ನೋಡಿದ್ದು ಸಾಕಾಗಿದೆ." ಪುಟ್ಟಿ ಗಂಟನ್ನು ಕೆಳಗಿಟ್ಟಳು. "ನಾನು ಮಾಡದೆ ಇದ್ರೆ ಇನ್ಯಾರು ಮಾಡ್ತಾರೆ ಹೇಳು. ಗುಂಡಿ ಹಾಕ್ಕೊಳಕ್ಕೆ ಆಗಲ್ಲ ನಿನಗೆ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಪುಟ್ಟಿಗೆ ಹಗುರವಾಗುತ್ತಿತ್ತೇನೋ. ಟೇಪನ್ನು ಸುತ್ತುತ್ತಾ, "ಇವತ್ತಿಂದ ನೀನು ಆ ಡಬ್ಬಿ ಹತ್ರ ಸುಳಿಯೋ ಹಾಗಿಲ್ಲ. ಒಗೆಯೋದಕ್ಕೆ ಒಬ್ಬಳನ್ನ ಗೊತ್ತು ಮಾಡ್ತೀನಿ. ಮಾತ್ರೆ ನಾನೇ ನೋಡ್ಕೋತೀನಿ," ಎಂದಳು.

"ಸಿಸ್ಟರ್‌ಗೆ ಫೋನ್ ಮಾಡಿ ಕೇಳೋಣ."

"ಏನಂತ ಕೇಳ್ತೀಯ? ನಾಲ್ಕು ತಿಂಗಳಿಂದ ಬಸುರಿ ಮುಟ್ತಾ ಇದ್ದಾಳೆ ಅಂತಲಾ? ಬೇಡ. ನಾನು ಮಾಡ್ಕೋತೀನಿ ಅಂದ್ನಲ್ಲ."

ಮಾರನೆಯ ದಿನವೇ ಪುಟ್ಟಿಯನ್ನು ಹೆರಿಗೆ ಡಾಕ್ಟರ ಬಳಿಗೆ ಎಳೆದುಕೊಂಡು ಹೋದದ್ದೂ ಅಕ್ಕನೇ. ಮಾತ್ರೆಯ ವಿಷಯ ಕೇಳಿ ಡಾಕ್ಟರು ಹುಬ್ಬು ಗಂಟಿಕ್ಕಿದರು, ಸ್ಕ್ಯಾನ್ ಮಾಡಿಸಿದರು. ಮಗು ಸದ್ಯಕ್ಕೆ ಚೆನ್ನಾಗಿದೆ, ಇನ್ನು ಮುಟ್ಟಬೇಡಿ ಎಂದರು.

ಅಕ್ಕ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಅರ್ಧ ಮಾಡತೊಡಗಿದಳು. ಮೊದಲ ಮೂರು ದಿನ ಹೇಗೋ ಆಯಿತು. ನಾಲ್ಕನೆಯ ದಿನ ಮಾತ್ರೆ ಬ್ಲೇಡಿನ ಕೆಳಗೆ ಓರೆಯಾಗಿ ಕೂತಿತ್ತು, ಬೆರಳಿಗೆ ತಿಳಿಯಲಿಲ್ಲ. ಒತ್ತಿದಾಗ ಪುಡಿಪುಡಿಯಾಯಿತು. ಎಂಟನೆಯ ದಿನ ಪೆಟ್ಟಿಗೆಯೇ ಕೈಜಾರಿ ನೆಲಕ್ಕೆ ಬಿದ್ದು, ಬಿಳಿ ಹುಡಿ ಚಾಪೆಯ ಮೇಲೆ, ಮಂಚದ ಕೆಳಗೆ ಚೆಲ್ಲಿತು. ಮಂಡಿಯೂರಿ ಕೂತು ಒದ್ದೆ ಕಾಗದದಿಂದ ಒರೆಸಿದಳು. ಕಣ್ಣಿಗೆ ಕಾಣದಷ್ಟು ಇನ್ನೂ ಉಳಿದಿರಬಹುದೆಂದು ಮತ್ತೆ ಒರೆಸಿದಳು. ಐದನೆಯ ಸಲ ಒರೆಸುವಾಗ ಬಾಗಿಲ ಆಚೆ ಪುಟ್ಟಿಯ ಬರಿಗಾಲಿನ ಸದ್ದು ಕೇಳಿಸಿತು.

"ಅಕ್ಕಾ, ಏನೋ ಬಿದ್ದ ಹಾಗಾಯ್ತು."

"ಏನಿಲ್ಲ. ಒಳಗೆ ಬರಬೇಡ."

ಚಾಪೆಯನ್ನು ಸುರುಳಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿ, ಆಚೆ ಒಯ್ದಿಟ್ಟು ಬಂದಳು. ಅವತ್ತಿನಿಂದ ಅವಳು ಮಾತ್ರೆ ಮುರಿಯಲಿಲ್ಲ. ದಿನಕ್ಕೆ ಒಂದೇ ನುಂಗಿದಳು. ಅರ್ಧ ತಾನೇ ಕಮ್ಮಿ, ಹೆರಿಗೆ ಆಗುವವರೆಗೆ ತಾನೇ, ಎಂದು ತನಗೆ ತಾನೇ ಹೇಳಿಕೊಂಡಳು. ಈ ಮನೆಯಲ್ಲಿ ಆ ಹುಡಿ ಇನ್ನೊಂದು ಸಲ ಹಾರಬಾರದು, ಅಷ್ಟೇ.

ಹದಿನೈದು ದಿನಕ್ಕೊಮ್ಮೆ ರಕ್ತ ಪರೀಕ್ಷೆಗೆ ಹೋಗಬೇಕಿತ್ತು. ಬಸುರಿಯನ್ನು ಆಸ್ಪತ್ರೆಯ ಗಾಳಿಗೆ ಕರೆದೊಯ್ಯುವುದು ಬೇಡವೆಂದು ಅಕ್ಕ ಒಬ್ಬಳೇ ಹೋಗುತ್ತಿದ್ದಳು. ನರ್ಸು ಕಾಗದ ನೋಡಿದರು.

"ಬಿಳಿ ಕಣ ನಾವು ಅಂದುಕೊಂಡಿದ್ದಕ್ಕಿಂತ ಮೇಲೇ ಇದೆ, ಈ ಮಾತ್ರೆಗೆ ಅದು ಇಳೀಬೇಕಿತ್ತು. ಮಾತ್ರೆ ಬಿಡದೆ ತಗೋತಾ ಇದ್ದೀರಾ?"

"ಒಂದು ದಿನಾನೂ ಬಿಟ್ಟಿಲ್ಲ ಸಿಸ್ಟರ್."

ಮಾತಿಗೆ ಮಾತು ಸರಿಯಾಗಿಯೇ ಇತ್ತು. ಆಚೆ ಇನ್ನೂ ಹನ್ನೊಂದು ಜನ ಕಾಯುತ್ತಿದ್ದರು. ಡಾಕ್ಟರಿಗೆ ಹೇಳುತ್ತೇನೆಂದು ನರ್ಸು ಬರೆದುಕೊಂಡರು. ಇನ್ನೊಂದು ತಿಂಗಳು ನೋಡಿ ಪ್ರಮಾಣ ಏರಿಸೋಣ ಎಂದರು ಡಾಕ್ಟರು. ಆ ತಿಂಗಳು ಕಳೆಯುವಷ್ಟರಲ್ಲಿ ಅವರು ರಜೆ ಹೋದರು. ಅವರ ಜಾಗಕ್ಕೆ ಬಂದವರು ಮತ್ತೊಂದು ತಿಂಗಳು ನೋಡೋಣ ಎಂದರು. ಮನೆಗೆ ಬಂದರೆ ಪುಟ್ಟಿ ಬಾಗಿಲಲ್ಲೇ ಕೇಳುತ್ತಿದ್ದಳು, "ಏನಂದ್ರು?"

"ಚೆನ್ನಾಗಿದೆ ಅಂದ್ರು. ನಿನ್ನ ಕಾಲು ನೋಡು, ಎಷ್ಟು ಊದಿದೆ. ಹೋಗಿ ಮಲಗು."

ಆ ದಿನಗಳಲ್ಲಿ ಅಕ್ಕ ನಿಜಕ್ಕೂ ಗೆಲುವಾಗಿದ್ದಳು. ವಾಂತಿ ನಿಂತಿತ್ತು. ತಲೆಯ ಮೇಲೆ ಕೂದಲು ಮೊಳಕೆಯ ಹಾಗೆ ಬಂದಿತ್ತು. ಸುದ್ದಿ ತಿಳಿದ ಪುಟ್ಟಿಯ ಗಂಡ ಹೋದ ಊರಿನಿಂದೆಲ್ಲ ಫೋನ್ ಮಾಡಿ, "ಅತ್ತಿಗೆ, ಅವಳು ಊಟ ಮಾಡಿದ್ಲಾ?" ಎಂದು ಇವಳನ್ನೇ ಕೇಳುತ್ತಿದ್ದ. "ನಿನ್ನ ಹೆಂಡತಿ ನನ್ನ ಪಾಲಿಂದೂ ಸೇರಿಸಿ ತಿಂದಿದ್ದಾಳೆ, ನೀನು ರಸ್ತೆ ನೋಡಿ ಓಡಿಸು," ಎನ್ನುತ್ತಿದ್ದಳು ಅಕ್ಕ.

ಪುಟ್ಟಿಗೆ ಎಂಟು ತಿಂಗಳು ತುಂಬುವ ಹೊತ್ತಿಗೆ ಅಕ್ಕನ ಮೊಣಕಾಲ ಕೆಳಗೆ ಸಣ್ಣ ಕೆಂಪು ಚುಕ್ಕೆಗಳು ಕಂಡವು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಅವಳಿಗೆ ಆ ಚುಕ್ಕೆಗಳ ಪರಿಚಯವಿತ್ತು. ಮೊದಲ ಸಲವೂ ಹೀಗೆಯೇ ಶುರುವಾಗಿತ್ತು. ಪುಟ್ಟಿಗೆ ಹೇಳದೆ ಬಟ್ಟೆ ಚೀಲ ಹಿಡಿದು ಬಸ್ಸು ಹತ್ತಿದಳು.

ಕಾಯಿಲೆ ಮರುಕಳಿಸಿತ್ತು. ಅಂದೇ ವಾರ್ಡಿಗೆ ಸೇರಿಸಿಕೊಂಡರು. ಸಂಜೆ ಕೆಲಸ ಮುಗಿಸಿ ನರ್ಸು ನೋಡಲು ಬಂದಾಗ ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ಸಿಸ್ಟರ್, ನಿಮಗೊಂದು ಸುಳ್ಳು ಹೇಳಿದ್ದೆ," ಎಂದು ಶುರುಮಾಡಿ ಎಲ್ಲವನ್ನೂ ಹೇಳಿದಳು. ತಂಗಿಯ ಬಸುರು, ಬೆರಳು, ಚಾಪೆ, ಒಂದೇ ಒಂದು ಮಾತ್ರೆ.

ನರ್ಸು ಮಂಚದ ತುದಿಯಲ್ಲಿ ಕೂತರು. ಹೇಳಬೇಕೋ ಬೇಡವೋ ಎಂದು ಯೋಚಿಸುವ ಮೊದಲೇ ಮಾತು ಬಾಯಿಂದ ಹೊರಬಿದ್ದಿತ್ತು. "ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲ ಅಕ್ಕ. ಒಂದು ದಿನ ಒಂದು, ಮಾರನೇ ದಿನ ಎರಡು, ಹಾಗೆ ಡಾಕ್ಟರ್ ಬರೆದುಕೊಡ್ತಾರೆ. ಎಷ್ಟೋ ಜನಕ್ಕೆ ಬರೆದುಕೊಟ್ಟಿದ್ದಾರೆ. ಮುರಿಯೋ ಕೆಲಸಾನೇ ಇರ್ತಿರಲಿಲ್ಲ."

ಅಕ್ಕ ತಿರುಗಿ ನೋಡಿದಳು. ಪಕ್ಕದ ಮಂಚದವರ ಟ್ರಾಲಿ ಬಂದು ಹೋಯಿತು, ದೀಪ ಹಾಕಿದರು. "ಇಷ್ಟು ಸುಲಭಾನಾ?" ಎಂದಳು ಅಕ್ಕ.

"ಅರ್ಧ ಮಾತ್ರೆ ಕಮ್ಮಿ ಆಗಿದ್ದಕ್ಕೇ ಹೀಗಾಯ್ತು ಅಂತ ಯಾರೂ ಹೇಳಕ್ಕಾಗಲ್ಲ. ಪೂರ್ತಿ ತಗೊಂಡವರಿಗೂ ವಾಪಸ್ ಬರುತ್ತೆ."

"ಪುಟ್ಟಿಗೆ ಹೇಳಬೇಡಿ. ಹೆರಬೇಕು ಅವಳು."

ನರ್ಸು ತಲೆಯಾಡಿಸಿದರು.

ಪುಟ್ಟಿಗೆ ಹೆಣ್ಣುಮಗು ಹುಟ್ಟಿತು. ಒಂಬತ್ತು ತುಂಬಿಯೇ ಹುಟ್ಟಿತು, ಕೈಕಾಲೆಲ್ಲ ಸರಿಯಾಗಿತ್ತು. ಅಕ್ಕನ ರಕ್ತದಲ್ಲಿ ಆಗ ಸೋಂಕು ತಡೆಯುವ ಕಣಗಳೇ ಉಳಿದಿರಲಿಲ್ಲ. ಬಾಣಂತಿಯನ್ನೂ ಕೂಸನ್ನೂ ಆ ವಾರ್ಡಿಗೆ ಬಿಡುವಂತಿರಲಿಲ್ಲ. ಫೋನಿನಲ್ಲಿ ಮಗುವನ್ನು ತೋರಿಸಿದರು. ಅಕ್ಕ ಪರದೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

"ಎದೆ ಹದಿಮೂರು ಇಂಚು. ಕೈ ಉದ್ದ, ಅವರಪ್ಪನ ಹಾಗೆ. ಅಂಗಿ ಹೊಲಿಯೋರಿಗೆ ತೋಳು ಸ್ವಲ್ಪ ದೊಡ್ಡದೇ ಇಡಕ್ಕೆ ಹೇಳು."

"ನೀನೇ ಬಂದು ಹೇಳು ಅಕ್ಕ."

"ಹೂಂ," ಎಂದಳು ಅಕ್ಕ. ಹನ್ನೆರಡು ದಿನದ ಮೇಲೆ ಜ್ವರ ಬಂತು. ಯಾವ ಔಷಧಿಗೂ ಬಗ್ಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ಬರುವ ಮೊದಲೇ ಅವಳು ಹೋಗಿದ್ದಳು. ಪುಟ್ಟಿಯ ಗಂಡ ಪಕ್ಕದಲ್ಲಿದ್ದ. ಅವನಿಗೆ ಹೇಳಿದ ಕೊನೆಯ ಮಾತು ಅಂಗಡಿಯಲ್ಲಿ ಉಳಿದಿದ್ದ ಯಾರದೋ ನೀಲಿ ಬಟ್ಟೆಯ ಬಗ್ಗೆ, ಅದಕ್ಕೆ ಅಂಚು ಹೊಲಿಸಿ ಕೊಡಬೇಕು ಎಂದು.

ಎರಡು ತಿಂಗಳಾದ ಮೇಲೆ ಪುಟ್ಟಿ ಆ ಮೂರನೇ ಮಹಡಿಯ ಕೋಣೆಗೆ ಬಂದಳು. ಉಳಿದ ಮಾತ್ರೆಗಳನ್ನು ಕಸಕ್ಕೆ ಹಾಕಬಾರದು, ಆಸ್ಪತ್ರೆಗೇ ವಾಪಸ್ಸು ಕೊಡಬೇಕೆಂದು ಮಾತ್ರೆಯ ಜೊತೆ ಕೊಟ್ಟಿದ್ದ ಪುಸ್ತಿಕೆಯಲ್ಲಿ ಬರೆದಿತ್ತು. ಡಬ್ಬಿಗಳ ಚೀಲ ಗಂಡನ ಕೈಯಲ್ಲಿತ್ತು. ಅದನ್ನು ಮೇಜಿನ ಮೇಲಿಟ್ಟು ಅವನು ಮಗುವನ್ನು ಎತ್ತಿಕೊಂಡು ಆಚೆ ಹೋದ.

ನರ್ಸು ಗ್ಲೌಸ್ ತೊಟ್ಟು ಎಣಿಸಲು ಹೊರಟರು.

"ಬಿಳಿದು ನಲವತ್ತೊಂಬತ್ತು," ಎಂದಳು ಪುಟ್ಟಿ. "ನಾನು ಮುಟ್ಟಿಲ್ಲ, ನಮ್ಮನೆಯವರೇ ಎಣಿಸಿದ್ರು. ತಾರೀಕು ಲೆಕ್ಕ ಹಾಕಿದ್ರೆ ಹದಿನಾಲ್ಕು ವಾರ, ದಿನಕ್ಕೆ ಅರ್ಧ ಕಮ್ಮಿ."

ನರ್ಸಿನ ಕೈ ನಿಂತಿತು.

"ಅವಳು ನಿಮಗೆ ಹೇಳಿದ್ಲಾ?"

"ಹೇಳಿದ್ರು. ನಿಮಗೆ ಹೇಳಬೇಡಿ ಅಂತಲೂ ಹೇಳಿದ್ರು."

"ಅದಕ್ಕೇ ಹೋದ್ಲಾ?"

"ಗೊತ್ತಿಲ್ಲ. ನಿಮ್ಮ ಸಮಾಧಾನಕ್ಕೆ ಹೇಳ್ತಿಲ್ಲ, ಡಾಕ್ಟರ್‌ಗೂ ಗೊತ್ತಿಲ್ಲ. ಪೂರ್ತಿ ತಗೊಂಡಿದ್ರೆ ಚೆನ್ನಾಗಿತ್ತು, ಅಷ್ಟು ನಿಜ."

ಪುಟ್ಟಿ ಅಳಲಿಲ್ಲ. "ಅವತ್ತು ನಾನು ಫೋನ್ ಮಾಡೋಣ ಅಂದಿದ್ದೆ. ಬೇಡ ಅಂದ್ಲು. ನನಗೂ ಅದೇ ಬೇಕಿತ್ತು ಸಿಸ್ಟರ್. ನಿಮ್ಮ ಹತ್ರ ಬೈಸಿಕೊಳ್ಳೋಕೆ ಹೆದರಿದ್ದೆ."

"ಬಿಡದೆ ತಗೋತೀರಾ ಅಂತ ಕೇಳಿದ್ದೆ ನಾನು. ಎಷ್ಟು ತಗೋತೀರಾ ಅಂತ ಕೇಳಲಿಲ್ಲ," ಎಂದರು ನರ್ಸು. ಆಮೇಲೆ ಕಾಗದ ಎಳೆದುಕೊಂಡು ನಲವತ್ತೊಂಬತ್ತು ಎಂದು ಬರೆದು, ಅವಳ ಸಹಿಗೆ ಜಾಗ ತೋರಿಸಿದರು.

ಪುಟ್ಟಿ ಸಹಿ ಹಾಕಿ ಆಚೆ ಬಂದಾಗ ಮಗು ಹಸಿದು ಅಳುತ್ತಿತ್ತು. ಕುರ್ಚಿಗಳಲ್ಲಿ ಜನ ಸಾಲಾಗಿ ಕೂತಿದ್ದರು. ಒಬ್ಬ ಮುದುಕ ಎದ್ದು ಅವಳಿಗೆ ಜಾಗ ಬಿಟ್ಟ. ಅವಳು ಕೂರಲಿಲ್ಲ.

"ಇಲ್ಲಿ ಬೇಡ. ಹೊರಗೆ ಹೋಗಿ ಹಾಲು ಕುಡಿಸ್ತೀನಿ," ಎಂದು ಗಂಡನಿಗೆ ಹೇಳಿ ಮೆಟ್ಟಿಲ ಕಡೆ ನಡೆದಳು.